ಸಂಡೂರಿನ ಶಿಲೆ, ನೇತ್ರಾಣಿಯ ಹವಳ: ಬೆಳಕಿನ ಆಸರೆಯ ಎರಡು ದಿಬ್ಬಗಳು

ಹಂಪಿ ಬಳಿಯ ಬುಕ್ಕಸಾಗರದಿಂದ ಅರಬ್ಬೀ ಸಮುದ್ರ 200 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಕರ್ನಾಟಕದ ಕಡಲದಿಬ್ಬಗಳ ಚರಿತ್ರೆಯನ್ನು ಬರೆಯುವವರು ಮುರುಡೇಶ್ವರದಲ್ಲಿ ನೀರಿಗಿಳಿಯುವ ಮೊದಲು, ಈ ಊರಿನ ದಕ್ಷಿಣಕ್ಕಿರುವ ಸಂಡೂರಿನ ಗುಡ್ಡಗಳನ್ನು ಹತ್ತಬೇಕು ಎಂಬುದು ನನ್ನ ವಾದ.

ಬುಕ್ಕಸಾಗರ, ಹಂಪಿಗಳ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಸಂಡೂರು ಪಟ್ಟಿಯ ಜಲಜಶಿಲೆಗಳು ಅವಕ್ಕಿಂತಲೂ ಹಳೆಯವು. ದೇವಗಿರಿ ಶಿಲಾಸಮೂಹದ ಕಾರ್ಬೊನೇಟ್ ಪದರಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಕಡಿದ ಮೈಗೆ ನೀರು ಸವರಿದರೆ ಕೂದಲೆಳೆಯಂಥ ಕಪ್ಪು-ಬಿಳಿ ಗೆರೆಗಳು ಎದ್ದು ಕಾಣುತ್ತವೆ; ಗುಮ್ಮಟದಂತೆ ಉಬ್ಬಿ, ತಗ್ಗಿ, ಪಕ್ಕದಲ್ಲೇ ಮತ್ತೆ ಉಬ್ಬುತ್ತವೆ. ಆಳವಿಲ್ಲದ ಕಡಲತಳದಲ್ಲಿ ಸೂಕ್ಷ್ಮಜೀವಿಗಳು ಹಾಸಿನಂತೆ ಹರಡಿದ್ದವು. ಮೇಲೆ ಕೆಸರು ಕೂತಾಗಲೆಲ್ಲ ಅವು ಬೆಳಕಿಗಾಗಿ ಮೇಲೇರಿದವು, ಕೆಳಗುಳಿದದ್ದು ಕಲ್ಲಾಯಿತು. ಮೀನಾಗಲಿ ಹವಳವಾಗಲಿ ಹುಟ್ಟುವುದಕ್ಕೆ ಇನ್ನೂ ಇನ್ನೂರು ಕೋಟಿ ವರ್ಷಗಳಿದ್ದಾಗಿನ ಮಾತಿದು.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ಸ್ಕೂಬಾ ಮುಳುಗುಗಾರರು ಕಾಣುವ ಗೋಡೆಯ ಬಗೆ ಬೇರೆ. ಲಕ್ಷದ್ವೀಪದಲ್ಲಿ ದಿಬ್ಬವನ್ನು ಹವಳವೇ ಕಟ್ಟಿದೆ. ನೇತ್ರಾಣಿಯಲ್ಲಿ ಗೋಡೆ ದ್ವೀಪದ ಬಂಡೆಯದೇ, ಹವಳ ಅದರ ಮೇಲಿನ ಲೇಪ ಮಾತ್ರ. ಅದು ಲೇಪವಾಗಿಯೇ ಉಳಿದ ಕಾರಣಗಳಲ್ಲಿ ಮುಖ್ಯವಾದದ್ದು ಬೆಳಕು. ಹವಳದ ಅಂಗಾಂಶದೊಳಗೆ ನೆಲೆಸಿದ ಏಕಕೋಶ ಪಾಚಿಯೇ ಅದಕ್ಕೆ ಬಹುಪಾಲು ಆಹಾರ ಒದಗಿಸುವುದು. ಮುಂಗಾರಿನಲ್ಲಿ ಘಟ್ಟದ ಹೊಳೆಗಳು ತರುವ ಕೆಸರು, ಅಲೆಗಳು ಕಲಕಿದ ತಳದ ಮಣ್ಣು ಸೇರಿ ನೀರು ಮಬ್ಬಾಗುತ್ತದೆ. ಪಾಚಿಗೆ ಬಿಸಿಲು ಸಾಲದು. ಆದರೂ ಆ ತೆಳು ಲೇಪ ಸಾಕುವ ಜೀವರಾಶಿ ದೊಡ್ಡದು. ಗಿಳಿಮೀನುಗಳು ಬಂಡೆಯ ಪಾಚಿ ಕೆರೆಯುತ್ತವೆ. ಸಂದಿನಲ್ಲಿ ಬಾಯ್ದೆರೆದು ಕೂತ ಮೊರೆ ಹಾವುಮೀನಿನ ಹಲ್ಲುಗಳ ನಡುವೆ ಬೆರಳುದ್ದದ ನೀಲಿಪಟ್ಟೆಯ ಮೀನೊಂದು ನುಸುಳಿ ಪರೋಪಜೀವಿಗಳನ್ನು ಹೆಕ್ಕುತ್ತದೆ. ಇಂಥ ದ್ವೀಪ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾದದ್ದು ನೋವಿನ ಸಂಗತಿ.

ಗಣಿಗಾರಿಕೆಯಿಂದ ಸಂಡೂರಿಗಾಗುವ ನಷ್ಟ ಇದಕ್ಕೂ ಆಳವಾದದ್ದು. ಹವಳ, ಅದರ ಪಾಡಿಗೆ ಬಿಟ್ಟರೆ, ಮತ್ತೆ ಚಿಗುರೀತು. ಸ್ಟ್ರೊಮ್ಯಾಟೊಲೈಟ್ ಇರುವ ಪದರ ಒಡೆದರೆ ಹೋಯಿತು. ಆ ಪದರಗಳಿರುವುದು ಮ್ಯಾಂಗನೀಸ್ ಅದಿರಿನ ಆಸುಪಾಸಿನಲ್ಲೇ. ಇದು ಆಕಸ್ಮಿಕವಲ್ಲ ಎನ್ನುವ ವಾದ ನನಗೆ ಒಪ್ಪಿಗೆ: ಹಾಸಿನಂತೆ ಹರಡಿದ್ದ ಆ ಸೂಕ್ಷ್ಮಜೀವಿಗಳಲ್ಲಿನ ಸಯನೋಬ್ಯಾಕ್ಟೀರಿಯಾ ಬಿಟ್ಟ ಆಮ್ಲಜನಕವೇ ಕಡಲಿನಲ್ಲಿ ಕರಗಿದ್ದ ಮ್ಯಾಂಗನೀಸನ್ನು ತಳಕ್ಕಿಳಿಸಿರಬೇಕು. ಆದ್ದರಿಂದ ಗಣಿ ಪರವಾನಗಿಗೆ ನಕ್ಷೆ ಬರೆಯುವಾಗ ಅದಿರಿನ ಜೊತೆಗೆ ಈ ಪದರಗಳನ್ನೂ ಗುರುತಿಸಿ, ಅವನ್ನು ತೋಡುವ ಎಲ್ಲೆಯಿಂದ ಹೊರಗಿಡಬೇಕು.