ಆ ಅರವತ್ತು ನಿಮಿಷ, ಅದಕ್ಕೂ ಮುಂಚಿನ ಲೆಕ್ಕ

1970, ಸೆಪ್ಟೆಂಬರ್ 12. ಶನಿವಾರ ರಾತ್ರಿ. ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯ, ಬರ್ಮಿಂಗ್‌ಹ್ಯಾಮ್ ನಗರ, ಲೀಜನ್ ಫೀಲ್ಡ್ ಅನ್ನೋ ಸ್ಟೇಡಿಯಂ. ಸುಮಾರು 72 ಸಾವಿರ ಜನ ಸೇರಿದ್ದಾರೆ. ಒಂದು ಕಡೆ ಆತಿಥೇಯ ಯೂನಿವರ್ಸಿಟಿ ಆಫ್ ಅಲಬಾಮಾ. ಮೈದಾನಕ್ಕಿಳಿದ ಅದರ ಆಟಗಾರರಲ್ಲಿ ಒಬ್ಬನೇ ಒಬ್ಬ ಕಪ್ಪು ವರ್ಣೀಯ ಇಲ್ಲ. ಇನ್ನೊಂದು ಕಡೆ ಲಾಸ್ ಏಂಜಲೀಸ್‌ನಿಂದ ಬಂದ ಯುಎಸ್‌ಸಿ, ಅಂದ್ರೆ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ. ಚೆಂಡು ಎಸೆಯುವವನು, ಚೆಂಡು ಹಿಡಿದು ಓಡುವವರು, ಅದರ ಮೂವರು ಮುಖ್ಯ ಹುಡುಗರೂ ಕಪ್ಪು ವರ್ಣೀಯರು. ಅವರಲ್ಲೊಬ್ಬ ಸ್ಯಾಮ್ ಕನಿಂಗ್‌ಹ್ಯಾಮ್. ಅವತ್ತು 12 ಸಲ ಚೆಂಡು ಹಿಡಿದು ಓಡಿದ. 135 ಗಜ, ಎರಡು ಟಚ್‌ಡೌನ್. ಸ್ಕೋರ್ 42-21. ಅಲಬಾಮಾ ತನ್ನ ಮನೆಯಂಗಳದಲ್ಲೇ ಮಣ್ಣು ಮುಕ್ಕಿತು.

ಇಲ್ಲಿಂದ ದಂತಕತೆ ಶುರುವಾಗುತ್ತೆ. ಅಲಬಾಮಾದ ಕೋಚ್ ಪಾಲ್ ಬ್ರಯಂಟ್. ಕರಡಿ ಜೊತೆ ಕುಸ್ತಿಗೆ ಇಳಿದಿದ್ದಕ್ಕೆ 'ಬೇರ್' ಅಂತಲೇ ಅಡ್ಡಹೆಸರು. ಮ್ಯಾಚ್ ಮುಗಿದ ಮೇಲೆ ಆತ ಕನಿಂಗ್‌ಹ್ಯಾಮ್‌ನನ್ನು ತಮ್ಮ ಡ್ರೆಸಿಂಗ್ ರೂಮಿಗೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ನಿಲ್ಲಿಸಿ, ನೋಡ್ರಪ್ಪಾ, ಫುಟ್‌ಬಾಲ್ ಆಟಗಾರ ಅಂದ್ರೆ ಹೀಗಿರಬೇಕು ಅಂತ ತಮ್ಮ ಬಿಳಿ ಹುಡುಗರಿಗೆ ತೋರಿಸಿದರಂತೆ. ಅವತ್ತಿನಿಂದ ಅಲಬಾಮಾದ ಕಣ್ಣು ತೆರೆಯಿತಂತೆ. ಮಾರ್ಟಿನ್ ಲೂಥರ್ ಕಿಂಗ್ 20 ವರ್ಷದಲ್ಲಿ ಮಾಡಿದ್ದಕ್ಕಿಂತ ಹೆಚ್ಚಿನದನ್ನು ಕನಿಂಗ್‌ಹ್ಯಾಮ್ 60 ನಿಮಿಷದಲ್ಲಿ ಮಾಡಿ ತೋರಿಸಿದ ಅನ್ನೋ ಮಾತು ಒಬ್ಬ ಕೋಚ್ ಹೆಸರಲ್ಲಿ ಇವತ್ತಿಗೂ ಓಡಾಡುತ್ತಿದೆ.

ಎಂಥಾ ಕತೆ ಅಲ್ವಾ? ನಮ್ಮಂಥ ಟಿವಿಯವರಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ರಾತ್ರಿ, ಒಬ್ಬ ಹೀರೋ, ಮನಸ್ಸು ಬದಲಾದ ಒಬ್ಬ ಯಜಮಾನ. ಹಿಂದೆ ಒಂದು ಮ್ಯೂಸಿಕ್ ಹಾಕಿದರೆ ಅರ್ಧ ಗಂಟೆ ಪ್ರೋಗ್ರಾಂ ರೆಡಿ.

ಸಮಸ್ಯೆ ಏನಪ್ಪಾ ಅಂದ್ರೆ, ಅವತ್ತು ಆ ಡ್ರೆಸಿಂಗ್ ರೂಮಿನಲ್ಲೇ ಇದ್ದ ಅಲಬಾಮಾ ಆಟಗಾರರು ಅಂಥದ್ದೇನೂ ನಡೆಯಲಿಲ್ಲ ಅಂದಿದ್ದಾರೆ. ಅದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. ಅವತ್ತು ಗ್ಯಾಲರಿಯಲ್ಲಿ ಕೂತು ಈ ಮ್ಯಾಚ್ ನೋಡುತ್ತಿದ್ದವರಲ್ಲಿ ವಿಲ್ಬರ್ ಜಾಕ್ಸನ್ ಅನ್ನೋ ಹುಡುಗನೂ ಇದ್ದ. ಅಲಬಾಮಾದ ಓಝಾರ್ಕ್ ಊರಿನವನು. ಕಪ್ಪು ವರ್ಣೀಯ. ಈ ಮ್ಯಾಚ್ ನಡೆಯುವ ಮೊದಲೇ ಅದೇ ಅಲಬಾಮಾ ವಿವಿಯ ಫುಟ್‌ಬಾಲ್ ಸ್ಕಾಲರ್‌ಶಿಪ್‌ಗೆ ಸಹಿ ಹಾಕಿ, ಕಾಲೇಜು ಸೇರಿಯೂ ಆಗಿತ್ತು. ಮೊದಲ ವರ್ಷದ ಹುಡುಗರನ್ನು ಮುಖ್ಯ ತಂಡದಲ್ಲಿ ಆಡಿಸುವಂತಿಲ್ಲ ಅಂತ ಆಗ ನಿಯಮವಿತ್ತು, ಅದಕ್ಕೆ ಗ್ಯಾಲರಿಯಲ್ಲಿದ್ದ. ಹಾಗಾದ್ರೆ ಕಣ್ಣು ತೆರೆದಿದ್ದು ಯಾವಾಗ? ತೆರೆಸಿದ್ದು ಯಾರು?

ಇಂಜಿನಿಯರಿಂಗ್ ಓದಿದವನಾದ್ದರಿಂದ ನನಗೊಂದು ಚಾಳಿ. ಔಟ್‌ಪುಟ್ ನೋಡಿದ ತಕ್ಷಣ ಇನ್‌ಪುಟ್ ಏನಿತ್ತು ಅಂತ ಹುಡುಕೋದು. ಕಾಲೇಜ್ ಫುಟ್‌ಬಾಲ್‌ನಲ್ಲಿ ಆ ಇನ್‌ಪುಟ್ ಹೆಸರು ರಿಕ್ರೂಟಿಂಗ್.

ಇದು ನಾವು ನೋಡೋ ಫುಟ್‌ಬಾಲ್ ಅಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಇದರಲ್ಲಿ ಕಾಲೇಜುಗಳು ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಿರಲಿಲ್ಲ. ಕೋಚ್‌ಗಳು ಹೈಸ್ಕೂಲ್ ಹುಡುಗರ ಮನೆಗೇ ಹೋಗಬೇಕು. ಅಪ್ಪ-ಅಮ್ಮನ ಎದುರು ಕೂತು, ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕೊಡಿ, ಫೀಸು, ಊಟ, ವಸತಿ ನಮ್ಮದು ಅಂತ ಕೇಳಬೇಕು. ಹೆಣ್ಣು ಕೇಳೋಕೆ ಹೋದ ಹಾಗೆ. ಪ್ರತಿಸ್ಪರ್ಧಿ ಕಾಲೇಜಿನವರು ಹಿಂದಿನ ದಿನವೇ ಬಂದು ಹೋಗಿರುತ್ತಾರೆ. ಅಂದರೆ ಮ್ಯಾಚ್ ನಡೆಯೋದು ಶನಿವಾರವಾದರೂ ಅದು ತೀರ್ಮಾನವಾಗೋದು ಯಾರದೋ ಮನೆಯ ಪಡಸಾಲೆಯಲ್ಲಿ, ಮೂರು ವರ್ಷ ಮುಂಚೆ. 1960ರ ದಶಕದಲ್ಲಿ ಅಮೆರಿಕದ ದಕ್ಷಿಣದ ದೊಡ್ಡ ಕಾಲೇಜುಗಳ ಹೆಚ್ಚಿನ ಕೋಚ್‌ಗಳು ಕಪ್ಪು ಜನರ ಪಡಸಾಲೆಗೆ ಕಾಲಿಡುತ್ತಿರಲಿಲ್ಲ.

ಹಾಗಾದ್ರೆ ಆ ಮನೆಗಳ ಪ್ರತಿಭಾವಂತ ಹುಡುಗರು ಎಲ್ಲಿಗೆ ಹೋದರು? ಹಲವರು ದಕ್ಷಿಣದಲ್ಲೇ ಇದ್ದ ಕಪ್ಪು ಜನರ ಕಾಲೇಜುಗಳಿಗೆ. ಇನ್ನು ಕೆಲವರು ರೈಲು ಹತ್ತಿ ಉತ್ತರಕ್ಕೆ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಕೋಚ್ ಡಫಿ ಡಾಟರ್ಟಿ ಇದನ್ನು ಎಲ್ಲರಿಗಿಂತ ಮೊದಲು ಗುರುತಿಸಿದವರಲ್ಲಿ ಒಬ್ಬರು. ದಕ್ಷಿಣದ ಕಪ್ಪು ವರ್ಣೀಯ ಹೈಸ್ಕೂಲ್ ಕೋಚ್‌ಗಳಿಗೆ ತರಬೇತಿ ಶಿಬಿರ ನಡೆಸಿದರು, ಅವರ ವಿಶ್ವಾಸ ಗಳಿಸಿದರು. ಆ ಕೋಚ್‌ಗಳು ತಮ್ಮ ಒಳ್ಳೊಳ್ಳೆ ಹುಡುಗರನ್ನು ಡಾಟರ್ಟಿ ಹತ್ತಿರ ಕಳಿಸಿದರು. ಟೆಕ್ಸಾಸ್‌ನಿಂದ ಬಬ್ಬಾ ಸ್ಮಿತ್, ಸೌತ್ ಕೆರೊಲಿನಾದಿಂದ ಜಾರ್ಜ್ ವೆಬ್‌ಸ್ಟರ್, ನಾರ್ತ್ ಕೆರೊಲಿನಾದಿಂದ ಜಿಮ್ಮಿ ರೇ. 1966ರ ಮಿಷಿಗನ್ ಸ್ಟೇಟ್ ತಂಡದಲ್ಲಿ 20 ಮಂದಿ ಕಪ್ಪು ವರ್ಣೀಯರಿದ್ದರು. ಇಬ್ಬರು ನಾಯಕರೂ ಅವರೇ.

ಅದೇ 1966. ಬ್ರಯಂಟ್ ಅವರ ಅಲಬಾಮಾ ಆಡಿದ ಎಲ್ಲಾ ಮ್ಯಾಚ್ ಗೆದ್ದಿತು. ಹಿಂದಿನ ಎರಡು ವರ್ಷವೂ ಚಾಂಪಿಯನ್. ಮೂರನೇ ಸಲವೂ ನಮ್ಮದೇ ಅಂತ ಇಡೀ ರಾಜ್ಯ ಕಾಯುತ್ತಿತ್ತು. ನವೆಂಬರ್ 19ರಂದು ಮಿಷಿಗನ್ ಸ್ಟೇಟ್ ಮತ್ತು ನಾಟ್ರ ಡೇಮ್ ನಡುವೆ 10-10 ಡ್ರಾ ಆಯಿತು. ಆದರೂ ಆಗ ಚಾಂಪಿಯನ್ ಯಾರು ಅಂತ ನಿರ್ಧರಿಸುತ್ತಿದ್ದ ಪತ್ರಕರ್ತರ ಮತದಾನದಲ್ಲಿ ನಾಟ್ರ ಡೇಮ್ ಒಂದನೇ ಸ್ಥಾನ, ಮಿಷಿಗನ್ ಸ್ಟೇಟ್ ಎರಡನೇ ಸ್ಥಾನ, ಒಂದೂ ಸೋಲದ, ಒಂದೂ ಡ್ರಾ ಮಾಡದ ಅಲಬಾಮಾಕ್ಕೆ ಮೂರನೇ ಸ್ಥಾನ. ಬರೀ ಬಿಳಿಯರ ತಂಡ ಅನ್ನೋದಕ್ಕೇ ಹೀಗಾಯಿತು ಅಂತ ಅಲಬಾಮಾದವರು ಇವತ್ತಿಗೂ ಗೊಣಗುತ್ತಾರೆ. ತಮಾಷೆ ಏನು ಗೊತ್ತಾ? ಗೆದ್ದ ನಾಟ್ರ ಡೇಮ್ ತಂಡದಲ್ಲಿ ಇದ್ದದ್ದೂ ಒಬ್ಬನೇ ಒಬ್ಬ ಕಪ್ಪು ಆಟಗಾರ, ಅಲನ್ ಪೇಜ್. ಮುಂದೆ ಆತ ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಉತ್ತರದವರೆಲ್ಲ ದೇವತಾ ಮನುಷ್ಯರು ಅಂತ ಅಂದುಕೊಳ್ಳೋದು ಬೇಡ.

ಅಲಬಾಮಾದ ವಾತಾವರಣ ಹೇಗಿತ್ತು? 1963ರ ಜೂನ್ 11ರಂದು ಗವರ್ನರ್ ಜಾರ್ಜ್ ವ್ಯಾಲೇಸ್ ಖುದ್ದು ವಿವಿಯ ಬಾಗಿಲಿಗೆ ಅಡ್ಡ ನಿಂತಿದ್ದರು, ಇಬ್ಬರು ಕಪ್ಪು ವಿದ್ಯಾರ್ಥಿಗಳು ಒಳಗೆ ಹೋಗಬಾರದು ಅಂತ. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆರವಣಿಗೆ ಹೊರಟ ಮಕ್ಕಳ ಮೇಲೆ ಪೊಲೀಸ್ ನಾಯಿ ಬಿಟ್ಟರು. ಸೆಪ್ಟೆಂಬರ್‌ನಲ್ಲಿ ಚರ್ಚ್‌ಗೆ ಬಾಂಬ್ ಇಟ್ಟು ನಾಲ್ವರು ಹೆಣ್ಣುಮಕ್ಕಳನ್ನು ಕೊಂದರು. ಅಂಥ ರಾಜ್ಯದಲ್ಲಿ ಕೋಚ್ ಏನು ತಾನೇ ಮಾಡೋಕಾಗುತ್ತೆ ಅಂತ ಬ್ರಯಂಟ್ ಪರ ಇರೋರು ಕೇಳುತ್ತಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ಅಲಬಾಮಾದಲ್ಲಿ ಬ್ರಯಂಟ್ ಮಾತು ಗವರ್ನರ್ ಮಾತಿಗಿಂತ ತೂಕದ್ದಾಗಿತ್ತು ಅಂತ ಹೇಳುವವರೂ ಇವರೇ. ಎರಡೂ ಹೇಗೆ ನಿಜವಾಗುತ್ತೆ ಅಂತ ನನಗಂತೂ ಅರ್ಥವಾಗಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟುವವರು ತಟ್ಟುತ್ತಲೇ ಇದ್ದರು. 1967ರಲ್ಲಿ ಐವರು ಕಪ್ಪು ವಿದ್ಯಾರ್ಥಿಗಳು ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಇಚ್ಛೆಯಿಂದ ಅಲಬಾಮಾ ತಂಡದ ಅಭ್ಯಾಸಕ್ಕೆ ಬಂದರು. ಬ್ರಯಂಟ್ ಓಡಿಸಲಿಲ್ಲ, ಅಭ್ಯಾಸ ಮಾಡಿಸಿದರು. ಆದರೆ ಮುಖ್ಯ ತಂಡದ ಮ್ಯಾಚ್ ಆಡುವ ಭಾಗ್ಯ ಆ ಐವರಲ್ಲಿ ಯಾರಿಗೂ ಸಿಗಲಿಲ್ಲ. ಆಮೇಲೆ 1969ರ ಜುಲೈ. ವಿವಿಯ ಕಪ್ಪು ವಿದ್ಯಾರ್ಥಿಗಳ ಸಂಘ ಫೆಡರಲ್ ಕೋರ್ಟ್ ಮೆಟ್ಟಿಲು ಹತ್ತಿತು. ಕಪ್ಪು ಆಟಗಾರರನ್ನು ರಿಕ್ರೂಟ್ ಮಾಡುತ್ತಿಲ್ಲ ಅಂತ ಬೇರ್ ಬ್ರಯಂಟ್ ಮೇಲೇ ಕೇಸ್! ವಾದಿಸಿದ್ದು ಯು. ಡಬ್ಲ್ಯು. ಕ್ಲೆಮನ್ ಅನ್ನೋ ಯುವ ವಕೀಲ, ಆಗಿನ್ನೂ 26 ವರ್ಷ. ದೇವರಂಥ ಕೋಚ್‌ನನ್ನು ಪ್ರಮಾಣ ಮಾಡಿಸಿ ಕೂರಿಸಿ, ನೀವು ಯಾವ ಯಾವ ಹೈಸ್ಕೂಲಿಗೆ ಹೋಗಿದ್ದೀರಿ, ಯಾವುದಕ್ಕೆ ಹೋಗಿಲ್ಲ ಅಂತ ಲೆಕ್ಕ ಕೇಳುವುದಕ್ಕೆ ಎಂಥ ಗುಂಡಿಗೆ ಬೇಕು ಯೋಚಿಸಿ. ಜಾಕ್ಸನ್ ಸಹಿ ಹಾಕಿದ್ದು ಈ ಕೇಸ್ ಬಿದ್ದ ಮೇಲೆ. ಕ್ಲೆಮನ್ 1980ರಲ್ಲಿ ಅಲಬಾಮಾದ ಮೊದಲ ಕಪ್ಪು ವರ್ಣೀಯ ಫೆಡರಲ್ ನ್ಯಾಯಾಧೀಶರಾದರು. 60 ನಿಮಿಷದ ಕತೆಯಲ್ಲಿ ಈ ವಕೀಲನಿಗೆ ಒಂದು ಸೆಕೆಂಡೂ ಸಿಗೋದಿಲ್ಲ.

ಇನ್ನೊಂದು ಒತ್ತಡ ಪಕ್ಕದ ಕಾಲೇಜುಗಳದ್ದು. ಅಲಬಾಮಾ ಆಡುತ್ತಿದ್ದ ಲೀಗ್ ಹೆಸರು ಎಸ್‌ಇಸಿ. ಅದರಲ್ಲಿ ಮೊದಲು ಹೆಜ್ಜೆ ಇಟ್ಟಿದ್ದು ಕೆಂಟುಕಿ. ನೇಟ್ ನಾರ್ದಿಂಗ್ಟನ್ ಮತ್ತು ಗ್ರೆಗ್ ಪೇಜ್ ಅನ್ನೋ ಇಬ್ಬರು ಕಪ್ಪು ಹುಡುಗರು, ಒಂದೇ ರೂಮಿನವರು. 1967ರ ಆಗಸ್ಟ್‌ನಲ್ಲಿ ಅಭ್ಯಾಸದ ವೇಳೆ ಪೇಜ್ ಕುತ್ತಿಗೆಗೆ ಪೆಟ್ಟು ಬಿತ್ತು, ಮೈ ಸ್ವಾಧೀನ ತಪ್ಪಿತು. ಸೆಪ್ಟೆಂಬರ್ 29ರ ರಾತ್ರಿ ತೀರಿಕೊಂಡ. ಮಾರನೇ ದಿನ, ಸೆಪ್ಟೆಂಬರ್ 30ರಂದು ನಾರ್ದಿಂಗ್ಟನ್ ಮೈದಾನಕ್ಕಿಳಿದ. ಎಸ್‌ಇಸಿ ಮ್ಯಾಚ್ ಆಡಿದ ಮೊದಲ ಕಪ್ಪು ಆಟಗಾರ ಅಂತ ಇತಿಹಾಸದಲ್ಲಿ ಅವನ ಹೆಸರು ಬರೆದದ್ದು ಆ ದಿನ. ಗೆಳೆಯನ ಶವ ಇನ್ನೂ ಮಣ್ಣಾಗಿರಲಿಲ್ಲ. ಕೆಲವೇ ವಾರಗಳಲ್ಲಿ ಆತ ಕಾಲೇಜು ಬಿಟ್ಟ. ಹೋಗುವ ಮುಂಚೆ, ತನ್ನ ಹಿಂದೆ ಬಂದಿದ್ದ ಇನ್ನಿಬ್ಬರು ಕಪ್ಪು ಹುಡುಗರಿಗೆ ನೀವು ಮಾತ್ರ ಬಿಡಬೇಡಿ ಅಂತ ಹೇಳಿ ಹೋದ. ಅವರು ಬಿಡಲಿಲ್ಲ. ಅವರಲ್ಲೊಬ್ಬ, ವಿಲ್ಬರ್ ಹ್ಯಾಕೆಟ್, ತಂಡದ ನಾಯಕನೂ ಆದ. ಟಿವಿಗೆ ಬೇಕಾದ ಕತೆ ಇದು ಕಣ್ರೀ ಅಂತ ನನಗನಿಸುತ್ತೆ. ಆದರೆ ಇದರಲ್ಲಿ 42-21 ಅನ್ನೋ ಸ್ಕೋರ್‌ಬೋರ್ಡ್ ಇಲ್ಲವಲ್ಲ.

ಇನ್ನು ಆಬರ್ನ್. ಅದೇ ರಾಜ್ಯದ ಇನ್ನೊಂದು ವಿವಿ, ಅಲಬಾಮಾದ ಬದ್ಧವೈರಿ. ಈ ದಾಯಾದಿ ಜಗಳ ಎಷ್ಟು ಹಳೆಯದು ಅಂದ್ರೆ, 1907ರ ಮ್ಯಾಚ್ ಆದ ಮೇಲೆ ಆಟಗಾರರ ಖರ್ಚಿನ ದುಡ್ಡು ಮತ್ತು ಅಂಪೈರ್ ಯಾರಾಗಬೇಕು ಅನ್ನೋ ತಕರಾರಿನಲ್ಲಿ ಮುನಿಸಿಕೊಂಡವರು 1948ರವರೆಗೆ ಮುಖಾಮುಖಿ ಆಡಲೇ ಇಲ್ಲ. 41 ವರ್ಷ! ಮತ್ತೆ ಶುರು ಮಾಡುವಾಗ ಎರಡೂ ಕಡೆಯ ವಿದ್ಯಾರ್ಥಿ ನಾಯಕರು ಬರ್ಮಿಂಗ್‌ಹ್ಯಾಮ್‌ನ ಪಾರ್ಕ್ ಒಂದರಲ್ಲಿ ನಿಜವಾಗಿಯೂ ಒಂದು ಕೊಡಲಿ ಹೂತರು. ಈ ವಾರ್ಷಿಕ ಮ್ಯಾಚ್‌ಗೆ ಐರನ್ ಬೌಲ್ ಅಂತ ಹೆಸರು. ಈ ವಿಷಯದಲ್ಲಿ ಆಬರ್ನ್ ಅಲಬಾಮಾಕ್ಕಿಂತ ಸ್ವಲ್ಪ ಮುಂದಿತ್ತು. ಬರ್ಮಿಂಗ್‌ಹ್ಯಾಮ್ ಪಕ್ಕದ ಫೇರ್‌ಫೀಲ್ಡ್‌ನ ಜೇಮ್ಸ್ ಓವೆನ್ಸ್ ಅನ್ನೋ ಹುಡುಗನನ್ನು 1969ರಲ್ಲೇ ಸೇರಿಸಿಕೊಂಡಿತು. ಆಬರ್ನ್‌ನ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ.

ಸೇರಿಸಿಕೊಳ್ಳೋದು ಬೇರೆ, ತಂಡದವನನ್ನಾಗಿ ಮಾಡಿಕೊಳ್ಳೋದು ಬೇರೆ. ಓವೆನ್ಸ್ ಹೈಸ್ಕೂಲಿನಲ್ಲಿ ಚೆಂಡು ಹಿಡಿದು ಓಡುವುದರಲ್ಲಿ ಹೆಸರು ಮಾಡಿದವನು. ಆಬರ್ನ್‌ನಲ್ಲಿ ಅವನಿಗೆ ಹೆಚ್ಚಾಗಿ ಸಿಕ್ಕಿದ್ದು ಬೇರೆಯವರು ಓಡುವಾಗ ಮುಂದೆ ನುಗ್ಗಿ ಎದುರಾಳಿಗಳನ್ನು ತಡೆಯುವ ಕೆಲಸ. ಪೆಟ್ಟು ಇವನಿಗೆ, ಟಚ್‌ಡೌನ್ ಇನ್ನೊಬ್ಬನಿಗೆ. ಕ್ಯಾಂಪಸ್‌ನಲ್ಲಿ ತನ್ನಂಥವರು ಬೆರಳೆಣಿಕೆಯಷ್ಟು. ಆದರೂ ಮೂರು ಸೀಸನ್ ನಿಂತ.

ಅಲಬಾಮಾದಲ್ಲಿ ಮುಖ್ಯ ತಂಡದ ಪರ ಮೊದಲು ಆಡಿದ ಕಪ್ಪು ಹುಡುಗ ಜಾಕ್ಸನ್ ಅಲ್ಲ, ಜಾನ್ ಮಿಚೆಲ್. ಅಲಬಾಮಾದ್ದೇ ಮೊಬೈಲ್ ಅನ್ನೋ ಊರಿನವನು. ಹೈಸ್ಕೂಲ್ ಮುಗಿಸಿದಾಗ ರಾಜ್ಯದ ದೊಡ್ಡ ತಂಡಗಳು ತಿರುಗಿ ನೋಡಲಿಲ್ಲ, ದೂರದ ಅರಿಝೋನಾದ ಜೂನಿಯರ್ ಕಾಲೇಜಿಗೆ ಹೋದ. ಅಲ್ಲಿ ಯುಎಸ್‌ಸಿ ಕಣ್ಣಿಗೆ ಬಿದ್ದ. ಯುಎಸ್‌ಸಿ ಕೋಚ್ ಜಾನ್ ಮೆಕೇ ಮತ್ತು ಬ್ರಯಂಟ್ ಸ್ನೇಹಿತರು. ಮಾತಿನ ನಡುವೆ ಮೆಕೇ, ನಿಮ್ಮೂರಿನ ಒಳ್ಳೇ ಹುಡುಗನೊಬ್ಬ ನಮ್ಮಲ್ಲಿಗೆ ಬರ್ತಿದ್ದಾನೆ ಅಂತ ಬಾಯಿಬಿಟ್ಟರು. ಬ್ರಯಂಟ್ ಎದ್ದು ಹೋಗಿ ನೇರ ಫೋನ್ ಹಿಡಿದರು. ಸ್ನೇಹ ಬೇರೆ, ರಿಕ್ರೂಟಿಂಗ್ ಬೇರೆ! 1971ರ ಸೆಪ್ಟೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಅದೇ ಯುಎಸ್‌ಸಿಯನ್ನು ಅಲಬಾಮಾ 17-10ರಿಂದ ಸೋಲಿಸಿತು, ಮಿಚೆಲ್ ಆಡಿದ. ಮರುವರ್ಷ ಸಹನಾಯಕ. ಅದರ ಮರುವರ್ಷ ಅಲಬಾಮಾದ ಮೊದಲ ಕಪ್ಪು ವರ್ಣೀಯ ಸಹಾಯಕ ಕೋಚ್. ಬ್ರಯಂಟ್ ತಡ ಮಾಡಿದರು ಅನ್ನೋದು ನನ್ನ ತಕರಾರು. ಆದರೆ ಒಮ್ಮೆ ಬಾಗಿಲು ತೆರೆದ ಮೇಲೆ ಅರ್ಧಕ್ಕೆ ನಿಲ್ಲಿಸಲಿಲ್ಲ, ಅದನ್ನೂ ಹೇಳಬೇಕು.

ಹಾಗಾದ್ರೆ 1970ರ ಆ ರಾತ್ರಿಗೆ ಬೆಲೆಯೇ ಇಲ್ವಾ? ಇದೆ. ಕೇಸ್ ಹಾಕಿದವರ ಮಾತು ಕೇಳದ ಕಿವಿಗಳಿಗೆ ಸ್ಕೋರ್ ಕೇಳಿಸಿತು. ಇನ್ನು ಮುಂದೆ ಕಪ್ಪು ಹುಡುಗರನ್ನು ಸೇರಿಸಿಕೊಂಡಾಗ ಗೊಣಗುವ ಬಿಳಿ ಅಭಿಮಾನಿಗಳಿಗೆ ಬ್ರಯಂಟ್ ತೋರಿಸಬಹುದಾದ ಸಾಕ್ಷಿ ಸಿಕ್ಕಿತು. ಅವತ್ತು ಯುಎಸ್‌ಸಿ ಪರ ಓಡಿದ ಇನ್ನೊಬ್ಬ ಹುಡುಗ ಕ್ಲಾರೆನ್ಸ್ ಡೇವಿಸ್ ಹುಟ್ಟಿದ್ದು ಎಲ್ಲಿ ಗೊತ್ತಾ? ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ. ಸಣ್ಣವನಿದ್ದಾಗಲೇ ಕ್ಯಾಲಿಫೋರ್ನಿಯಾ ಸೇರಿದವನು, ಹುಟ್ಟೂರಿಗೆ ಎದುರಾಳಿಯಾಗಿ ವಾಪಸ್ ಬಂದಿದ್ದ. ಊರು ಕಳಕೊಂಡದ್ದು ಏನು ಅಂತ 72 ಸಾವಿರ ಜನ ದುಡ್ಡು ಕೊಟ್ಟು ನೋಡಿದರು.

1972ರ ಐರನ್ ಬೌಲ್‌ನಲ್ಲಿ ಎರಡೂ ಕಡೆ ಕಪ್ಪು ಆಟಗಾರರಿದ್ದರು. ಒಂದು ಕಡೆ ಮಿಚೆಲ್, ಜಾಕ್ಸನ್. ಇನ್ನೊಂದು ಕಡೆ ಓವೆನ್ಸ್. 16-0 ಹಿಂದಿದ್ದ ಆಬರ್ನ್ ಕೊನೆಯ ಹೊತ್ತಿನಲ್ಲಿ ಎರಡು ಸಲ ಅಲಬಾಮಾದ ಒದೆತವನ್ನು ತಡೆದು 17-16ರಿಂದ ಗೆದ್ದಿತು. ಆಮೇಲೆ ಸತತ ಒಂಬತ್ತು ವರ್ಷ ಅಲಬಾಮಾದ್ದೇ ಗೆಲುವು.

ಅದು ನಿಂತಿದ್ದು 1982ರಲ್ಲಿ. ಅದೂ ರಿಕ್ರೂಟಿಂಗ್‌ನಿಂದಲೇ. ಬರ್ಮಿಂಗ್‌ಹ್ಯಾಮ್ ಪಕ್ಕದ ಬೆಸಮರ್ ಊರಿನ ಒಬ್ಬ ಹುಡುಗನ ಮನೆಗೆ ಈಗ ಅಲಬಾಮಾವೂ ಬಂತು, ಆಬರ್ನ್ ಕೂಡ ಬಂತು. ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡವೂ ಅವನನ್ನು ಕರೆದಿತ್ತು. ಅವನು ಆರಿಸಿಕೊಂಡದ್ದು ಆಬರ್ನ್. ಹೆಸರು ಬೋ ಜಾಕ್ಸನ್. ಆ ವರ್ಷದ ಐರನ್ ಬೌಲ್ ಬೇರ್ ಬ್ರಯಂಟ್ ಅವರ ಕೊನೆಯ ಐರನ್ ಬೌಲ್. ಅಲಬಾಮಾ 22-17 ಮುಂದಿತ್ತು. ಗೆರೆ ಒಂದೇ ಗಜ ದೂರ. ಚೆಂಡು ಬೋ ಕೈಗೆ ಬಂತು. ಅಡ್ಡ ನಿಂತವರ ತಲೆಯ ಮೇಲಿನಿಂದಲೇ ಹಾರಿ ಗೆರೆಯಾಚೆ ಬಿದ್ದ. 23-22. ಅದೇ ಲೀಜನ್ ಫೀಲ್ಡ್. ಓವೆನ್ಸ್ ಹುಟ್ಟಿ ಬೆಳೆದ ಫೇರ್‌ಫೀಲ್ಡ್ ಬೆಸಮರ್‌ನಿಂದ ಕೆಲವೇ ಮೈಲಿ.