ದೆಹಲಿಯ ಕಟ್ಟಡ ಕಾಮಗಾರಿಗಳಲ್ಲಿ ಮಹಿಳೆ: ದುಡಿಮೆ, ಕೂಲಿ ಮತ್ತು ಮಾನ್ಯತೆ

ನಿರ್ದಿಷ್ಟ ಕಾರ್ಯವೊಂದನ್ನು ನಿರ್ದಿಷ್ಟ ಅವಧಿಯಲ್ಲಿ ಮುಗಿಸಲು ಜನರನ್ನು ಕೂಡಿಸಿ, ಕೆಲಸ ಮುಗಿದೊಡನೆ ಚದುರಿಸುವ ವ್ಯವಸ್ಥೆಗೆ ಯೋಜನಾಧಾರಿತ ದುಡಿಮೆ ಎಂದು ಹೆಸರು. ಚಲನಚಿತ್ರ ತಯಾರಿಕೆ, ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳು, ರಸ್ತೆ ಹಾಗೂ ಕಟ್ಟಡಗಳ ನಿರ್ಮಾಣ ಎಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಅತ್ಯಂತ ಹಳೆಯದು ಕಟ್ಟಡ ನಿರ್ಮಾಣ. ದೆಹಲಿ, ಗುರುಗ್ರಾಮ, ನೊಯ್ಡಾಗಳನ್ನು ಒಳಗೊಂಡ ರಾಷ್ಟ್ರ ರಾಜಧಾನಿ ವಲಯದಲ್ಲಿ ಈ ದುಡಿಮೆಯ ಗಣನೀಯ ಭಾಗವನ್ನು ಮಹಿಳೆಯರು ಹೊರುತ್ತಾರೆ. ಆದರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಸಿಗುವುದು ವಿರಳ.

ಕೆಲಸದ ಹಂಚಿಕೆ

ರಾಜಸ್ಥಾನ, ಮಧ್ಯಪ್ರದೇಶದ ಬುಂದೇಲಖಂಡ, ಛತ್ತೀಸಗಢದ ಬಿಲಾಸಪುರ ಮೊದಲಾದ ಕಡೆಗಳಿಂದ ಕುಟುಂಬಗಳು ದೆಹಲಿಗೆ ಬರುತ್ತವೆ. ಇವರನ್ನು ಕರೆತರುವ ಮಧ್ಯವರ್ತಿ ಜಮಾದಾರ, ಅವನ ಮೇಲೆ ಠೇಕೇದಾರ. ಗೋಡೆ ಕಟ್ಟುವವನು ಮಿಸ್ತ್ರಿ. ಇಟ್ಟಿಗೆ, ಗಾರೆ, ಮರಳು ಒದಗಿಸುವ ಆಳು ಬೇಲ್ದಾರ. ಬೇಲ್ದಾರನಾಗಿ ಸೇರಿದ ಗಂಡಾಳು ಮಿಸ್ತ್ರಿಯ ಪಕ್ಕದಲ್ಲಿದ್ದು ಕರಣೆ ಹಿಡಿಯಲು ಕಲಿತು, ಕೆಲವು ವರ್ಷಗಳಲ್ಲಿ ತಾನೇ ಮಿಸ್ತ್ರಿಯಾಗುತ್ತಾನೆ. ಅದೇ ದಿನ ಸೇರಿದ ಹೆಣ್ಣಾಳು ಇಪ್ಪತ್ತು ವರ್ಷಗಳ ಬಳಿಕವೂ ತಲೆಯ ಮೇಲೆ ಬಾಂಡ್ಲಿ ಹೊರುತ್ತಲೇ ಇರುತ್ತಾಳೆ. ಬೆಂಗಳೂರಿನಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಗಾರೆ ಕೆಲಸಕ್ಕೆ ನಿಲ್ಲುವ ದಂಪತಿಗಳನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ.

ಸರ್ಕಾರ ಹೊರಡಿಸುವ ಕನಿಷ್ಠ ವೇತನದ ಪಟ್ಟಿಯಲ್ಲಿ ಅಕುಶಲ, ಅರೆಕುಶಲ, ಕುಶಲ ಎಂಬ ದರ್ಜೆಗಳಿವೆಯೇ ಹೊರತು ಹೆಣ್ಣು, ಗಂಡು ಎಂಬ ಭೇದವಿಲ್ಲ. ಕಾಗದದ ಮೇಲೆ ನಿಷ್ಪಕ್ಷಪಾತವಾಗಿರುವ ಈ ಪಟ್ಟಿ ಕಾಮಗಾರಿಯ ಸ್ಥಳದಲ್ಲಿ ಬೇರೆಯೇ ಫಲ ಕೊಡುತ್ತದೆ. ಅಲ್ಲಿ ಕುಶಲ ದರ್ಜೆ ಬಹುಪಾಲು ಪುರುಷರದ್ದು, ಅಕುಶಲ ದರ್ಜೆಯ ಕೊನೆಯ ಮೆಟ್ಟಿಲು ಮಹಿಳೆಯರದ್ದು. ಗಂಡಹೆಂಡಿರನ್ನು ಜೋಡಿಯಾಗಿ ಕೆಲಸಕ್ಕೆ ಹಿಡಿದಾಗ ಇಬ್ಬರ ಕೂಲಿಯೂ ಗಂಡನ ಕೈಗೆ ಹೋಗುತ್ತದೆ. ರಾಜಧಾನಿ ವಲಯದ ಇಟ್ಟಿಗೆ ಗೂಡುಗಳಲ್ಲಂತೂ ಸಾವಿರ ಇಟ್ಟಿಗೆಗೆ ಇಷ್ಟೆಂದು ಲೆಕ್ಕ. ಜೇಡಿ ಕಲಸಿದವರು, ಅಚ್ಚು ಹಾಕಿದವರು, ಒಣಗಿಸಿದವರು ಎಲ್ಲರೂ ಸೇರಿ ಒಂದೇ ಹೆಸರಾಗುತ್ತಾರೆ.

ಏಷ್ಯಾಡ್ ಪ್ರಕರಣ

1982ರ ನವೆಂಬರಿನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಕ್ರೀಡಾಂಗಣಗಳು, ಮೇಲ್ಸೇತುವೆಗಳು, ಆಟಗಾರರ ವಸತಿಗ್ರಾಮ ಅವಸರದಲ್ಲಿ ಎದ್ದವು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಮೂವರು ಸಮಾಜವಿಜ್ಞಾನಿಗಳಿಂದ ಈ ಕಾಮಗಾರಿಗಳ ಪರಿಶೀಲನೆ ಮಾಡಿಸಿತು. ಆ ವರದಿಯನ್ನು ಆಧರಿಸಿ 1981ರ ನವೆಂಬರಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯ ರಿಟ್ ಅರ್ಜಿಯೆಂದು ಪರಿಗಣಿಸಿತು.

ಪತ್ರದಲ್ಲಿದ್ದ ಲೆಕ್ಕ ಸರಳವಾಗಿತ್ತು. ದಿನದ ಕೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ಜಮಾದಾರ ಒಂದು ರೂಪಾಯಿ ದಲಾಲಿ ಮುರಿದುಕೊಂಡರೆ ಕೆಲಸಗಾರನಿಗೆ ಉಳಿಯುವುದು 8 ರೂಪಾಯಿ 25 ಪೈಸೆ. ಮಹಿಳೆಯರಿಗೆ ಸಿಗುತ್ತಿದ್ದುದು 7 ರೂಪಾಯಿ ಮಾತ್ರ, ಉಳಿದದ್ದು ಮತ್ತೆ ಜಮಾದಾರನ ಪಾಲು ಎಂಬುದು ದೂರು. ಹೀಗೆ ಹೆಣ್ಣಾಳಿನ ಕೂಲಿ ಎರಡು ಬಾರಿ ಕತ್ತರಿಗೆ ಸಿಕ್ಕುತ್ತಿತ್ತು.

1982ರ ಸೆಪ್ಟೆಂಬರ್ 18ರಂದು ತೀರ್ಪು ಬಂದಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಗೆ ಸಮ ಎಂದು ನ್ಯಾಯಾಲಯ ಹೇಳಿತು. 1976ರ ಸಮಾನ ವೇತನ ಕಾಯ್ದೆಯ ತತ್ತ್ವವನ್ನು 14ನೇ ವಿಧಿಯ ಸಮಾನತೆಯೊಂದಿಗೆ ಜೋಡಿಸಿತು. ದುಡಿಸಿಕೊಂಡವರು ಗುತ್ತಿಗೆದಾರರು ಎಂಬ ನೆಪದಿಂದ ಸರ್ಕಾರ ಕಾರ್ಮಿಕ ಕಾಯ್ದೆಗಳ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ಯೋಜನಾಧಾರಿತ ದುಡಿಮೆಯ ದೃಷ್ಟಿಯಿಂದ ಈ ಕೊನೆಯ ಮಾತೇ ಹೆಚ್ಚು ತೂಕದ್ದು. ಗುತ್ತಿಗೆಯ ಸರಪಣಿಯಲ್ಲಿ ಪ್ರತಿಯೊಬ್ಬರೂ ಕೆಳಗಿನವನತ್ತ ಬೆರಳು ತೋರಿಸುವುದು ವಾಡಿಕೆ. ತೀರ್ಪು ಆ ಬೆರಳನ್ನು ಮೇಲಕ್ಕೆ ತಿರುಗಿಸಿತು.

ಸಮಾನ ಸ್ವರೂಪದ ಕೆಲಸ

ಒಂದೇ ಕೆಲಸಕ್ಕೆ ಅಥವಾ ಸಮಾನ ಸ್ವರೂಪದ ಕೆಲಸಕ್ಕೆ ಸಮಾನ ವೇತನ ಎಂಬುದು 1976ರ ಕಾಯ್ದೆಯ ತಿರುಳಾಗಿತ್ತು. ಯಾವ ಕೆಲಸ ಯಾವುದಕ್ಕೆ ಸಮಾನ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಮೆಕಿನನ್ ಮೆಕೆಂಜಿ ಕಂಪನಿಯ ಮಹಿಳಾ ಸ್ಟೆನೋಗ್ರಾಫರುಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ವಿವರಿಸಿತು. ತೀರ್ಪು ಬರೆದವರು ಮುಂದೆ 1989ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾದ ಕನ್ನಡಿಗ ಇ.ಎಸ್. ವೆಂಕಟರಾಮಯ್ಯ. ವಾಸ್ತವದಲ್ಲಿ ಮಾಡುವ ಕೆಲಸವನ್ನು ವಿಶಾಲ ದೃಷ್ಟಿಯಿಂದ ನೋಡಬೇಕು, ಅಲ್ಪಸ್ವಲ್ಪ ವ್ಯತ್ಯಾಸಗಳನ್ನು ಗಣಿಸಬಾರದು ಎಂಬುದು ಅದರ ಸಾರ.

ಕಚೇರಿಗೆ ಸಲ್ಲುವ ಈ ಅಳತೆ ಗಾರೆ ಕೆಲಸಕ್ಕೆ ಸುಲಭವಾಗಿ ಹೊಂದುವುದಿಲ್ಲ. ಕರಣೆ ಹಿಡಿಯಲು ಬಿಡದಿದ್ದ ಮೇಲೆ ಮಿಸ್ತ್ರಿಯೊಂದಿಗೆ ಹೋಲಿಸಿಕೊಳ್ಳಲು ಹೆಣ್ಣಾಳಿನ ಬಳಿ ಏನೂ ಇರುವುದಿಲ್ಲ. ತರತಮ ನಡೆದಿರುವುದು ಕೂಲಿ ಎಣಿಸುವಾಗ ಅಲ್ಲ, ಕೆಲಸ ಕಲಿಸುವಾಗ. ಇದು ಸ್ವಭಾವದ ಪ್ರಶ್ನೆಯೂ ಅಲ್ಲ: ಝಾರ್ಖಂಡದಲ್ಲಿ ಶೌಚಾಲಯ ನಿರ್ಮಾಣ ಯೋಜನೆಗೆ ಗ್ರಾಮೀಣ ಮಹಿಳೆಯರಿಗೆ ತರಬೇತಿ ಕೊಟ್ಟಾಗ ಅವರು ಗೋಡೆಗಳನ್ನೇ ಕಟ್ಟಿದರು, ‘ರಾಣಿ ಮಿಸ್ತ್ರಿ’ ಎಂದು ಹೆಸರಾದರು.

ಮಕ್ಕಳ ಪಾಲನೆ

ಕಾಮಗಾರಿಯ ಸ್ಥಳದಲ್ಲಿ ಕೂಸುಗಳನ್ನು ನೋಡಿಕೊಳ್ಳುವುದು ಯಾವ ಗುತ್ತಿಗೆ ಪತ್ರದಲ್ಲೂ ಬರೆಯದ ಕೆಲಸ. 1969ರಲ್ಲಿ ಗಾಂಧಿ ಶತಾಬ್ದಿ ಪ್ರದರ್ಶನಕ್ಕಾಗಿ ದೆಹಲಿಯ ರಾಜಘಾಟ್ ಬಳಿ ನಿರ್ಮಾಣ ನಡೆದಿದ್ದಾಗ ಮೀರಾ ಮಹಾದೇವನ್ ಅಲ್ಲಿನ ಕೂಲಿಕಾರ ತಾಯಂದಿರ ಶಿಶುಗಳಿಗೆ ಪಾಲನಾ ಕೇಂದ್ರ ಆರಂಭಿಸಿದರು. ಅದು ಮೊಬೈಲ್ ಕ್ರೆಶಸ್ ಸಂಸ್ಥೆಯಾಗಿ ಬೆಳೆಯಿತು. ಕಾಮಗಾರಿ ಎಲ್ಲಿಗೆ ಹೋದರೆ ಪಾಲನಾ ಕೇಂದ್ರವೂ ಅಲ್ಲಿಗೆ ಹೋಗುತ್ತದೆ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯು ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಕೊಠಡಿ ಇರಲೇಬೇಕೆಂದು ವಿಧಿಸಿತು. ಹೆಸರು ಬರೆಯದ ಹೆಂಗಸು ಈ ಐವತ್ತರ ಎಣಿಕೆಗೆ ಬರುತ್ತಿರಲಿಲ್ಲವಾದ್ದರಿಂದ, ಹಾಜರಿ ಪುಸ್ತಕದ ಲೋಪ ನೇರವಾಗಿ ಮಗುವಿನವರೆಗೆ ತಲುಪುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಗಂಡು, ಹೆಣ್ಣು ಸೇರಿ ಐವತ್ತಕ್ಕಿಂತ ಹೆಚ್ಚು ಕೆಲಸಗಾರರು ಎಂಬ ಎಣಿಕೆ ಬಂದಿದೆ. ಇದು ಸರಿಯಾದ ತಿದ್ದುಪಡಿ. ಮಗು ತಾಯಿಯೊಬ್ಬಳದೇ ಅಲ್ಲ. ಆದರೆ ಇದಕ್ಕಾಗಿ ನಿಯಮ ರಚಿಸುವುದನ್ನು ಸರ್ಕಾರದ ವಿವೇಚನೆಗೆ ಬಿಡಲಾಗಿದೆ.

ನೋಂದಣಿ ಮತ್ತು ಅದರ ಉಪಯೋಗ

ನಿರ್ಮಾಣ ವೆಚ್ಚದ ಮೇಲೆ ಸೆಸ್ ವಸೂಲಿ ಮಾಡಿ, ಅದನ್ನು ಕಾರ್ಮಿಕರ ಕಲ್ಯಾಣಕ್ಕೆ ಬಳಸಲು ಪ್ರತಿ ರಾಜ್ಯದಲ್ಲೂ ಮಂಡಳಿಯಿದೆ. ಹೆರಿಗೆ ನೆರವು, ಪಿಂಚಣಿ, ಮಕ್ಕಳ ವಿದ್ಯಾಭ್ಯಾಸದ ಸಹಾಯ ಇದರಿಂದ ಸಿಗುತ್ತವೆ. ಮಾಲೀಕನೂ ಸ್ಥಳವೂ ಬದಲಾಗುತ್ತಲೇ ಇರುವ ದುಡಿಮೆಯಲ್ಲಿ ಕೆಲಸಗಾರರಿಗೆ ಉಳಿಯುವ ಗುರುತೆಂದರೆ ಈ ಮಂಡಳಿಯ ಕಾರ್ಡ್.

ಚಳಿಗಾಲದಲ್ಲಿ ಇದರ ಬೆಲೆ ತಿಳಿಯುತ್ತದೆ. ವಾಯುಮಾಲಿನ್ಯ ಮಿತಿಮೀರಿದಾಗ ರಾಜಧಾನಿ ವಲಯದಲ್ಲಿ ನಿರ್ಮಾಣವನ್ನೇ ನಿಲ್ಲಿಸಲಾಗುತ್ತದೆ. 2021ರ ನವೆಂಬರಿನಲ್ಲಿ ಹೀಗೆ ಕೆಲಸ ನಿಂತಾಗ ದೆಹಲಿ ಸರ್ಕಾರ ಕಟ್ಟಡ ಕಾರ್ಮಿಕರಿಗೆ 5,000 ರೂಪಾಯಿಯ ನೆರವು ಘೋಷಿಸಿತು. ಇಂಥ ನೆರವು ತಲುಪುವುದು ನೋಂದಾಯಿತರ ಖಾತೆಗೆ. ನೊಯ್ಡಾ ಉತ್ತರ ಪ್ರದೇಶಕ್ಕೆ, ಗುರುಗ್ರಾಮ ಹರಿಯಾಣಕ್ಕೆ ಸೇರಿರುವುದರಿಂದ ಒಂದೇ ಬಸ್ಸಿನ ದಾರಿಯಲ್ಲಿ ಮೂರು ಮಂಡಳಿಗಳು ಎದುರಾಗುತ್ತವೆ ಎಂಬ ತೊಡಕು ಬೇರೆ.

ಹದಿನೆಂಟು ತುಂಬಿದ, ಅರವತ್ತು ತುಂಬದ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರೇ ಆದರೂ ನೋಂದಣಿಗೆ ಅರ್ಹರು. ಇದು ಕರ್ನಾಟಕಕ್ಕೂ ಅನ್ವಯಿಸುತ್ತದೆ. ಗಂಡನ ಹೆಸರಿನ ಕಾರ್ಡ್ ಇದ್ದರೂ ಹೆಂಡತಿ ತನ್ನ ದುಡಿಮೆಗಾಗಿ ಪ್ರತ್ಯೇಕವಾಗಿ ಅರ್ಜಿ ಹಾಕಬಹುದು, ಹಾಕಬೇಕು.