ಹೊಸದುರ್ಗದಿಂದ ಹೊಸದುರ್ಗಕ್ಕೆ

ಕನ್ನಡ ನಾಡಿನ ಚರಿತ್ರೆ ಬಲ್ಲವರಿಗೆ ಹೊಸದುರ್ಗಗಳು ಎರಡು. ಒಂದು ಚಿತ್ರದುರ್ಗ ಜಿಲ್ಲೆಯದು. ಶಿರಾದ ಅಧಿಕಾರಕ್ಕೆ ಒಳಪಟ್ಟಿದ್ದ ಬಾಗೂರನ್ನು ಗೆಲ್ಲಬೇಕೆಂದು ಚಿತ್ರದುರ್ಗದ ಚಿಕ್ಕಣ್ಣ ನಾಯಕನು ೧೬೭೫ರಲ್ಲಿ ಅಲ್ಲಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನು. ಇನ್ನೊಂದು ಕಾಸರಗೋಡಿನ ದಕ್ಷಿಣಕ್ಕೆ, ಕಡಲಿನ ಸಮೀಪದಲ್ಲಿದೆ. ಅದು ಇಕ್ಕೇರಿಯ ಸೋಮಶೇಖರ ನಾಯಕನ ಕೋಟೆ. ಒಂದು ವೇದಾವತಿಯ ಸೀಮೆ, ರಾಗಿ ಮತ್ತು ತೆಂಗಿನ ಸೀಮೆ. ಮತ್ತೊಂದು ಉಪ್ಪುಗಾಳಿಯ ಸೀಮೆ. ನಡುವೆ ಮಲೆನಾಡು, ಘಟ್ಟ, ಆಮೇಲೆ ಉದ್ದಕ್ಕೂ ಕರಾವಳಿ.

ರಜೆ ಬಂತೆಂದರೆ ಬಯಲುಸೀಮೆಯ ಸಂಸಾರಗಳು ಕಡಲಿನ ದಾರಿ ಹಿಡಿಯುವುದು ಈಗ ಸಾಮಾನ್ಯವಾಗಿದೆ. ಮೊದಲನೆಯ ಹೊಸದುರ್ಗದಿಂದ ಹೊರಟವರು ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ಸಾಗರಗಳ ಮೇಲೆ ಹಾದು ಹೊನ್ನಾವರಕ್ಕೆ ಇಳಿಯಬಹುದು. ಅಲ್ಲಿಂದ ಭಟ್ಕಳ, ಮರವಂತೆ, ಉಡುಪಿ, ಮಂಗಳೂರುಗಳನ್ನು ನೋಡುತ್ತ ಎರಡನೆಯ ಹೊಸದುರ್ಗವನ್ನು ಮುಟ್ಟಬಹುದು. ಹಿಂದಿರುಗುವಾಗ ಆಗುಂಬೆಯ ೧೪ ತಿರುವುಗಳನ್ನು ಏರಿದರಾಯಿತು. ಎಲ್ಲೆಲ್ಲಿ ರಾತ್ರಿ ಕಳೆಯಬೇಕೋ ಅಲ್ಲಲ್ಲಿಯ ರೆಸಾರ್ಟುಗಳಲ್ಲಿ ಕೋಣೆಗಳನ್ನು ಮೊಬೈಲಿನಲ್ಲಿಯೇ ಕಾದಿರಿಸಿಕೊಳ್ಳಬಹುದು. ಇಷ್ಟಾದರೆ ಪ್ರವಾಸದ ಯೋಜನೆ ಮುಗಿಯಿತು. ಆದರೆ ಇದೇ ದಾರಿಯಲ್ಲಿ ಹಿಂದೆ ನಡೆದವರು ಏನನ್ನು ಎಣಿಕೆಗೆ ತೆಗೆದುಕೊಳ್ಳುತ್ತಿದ್ದರು, ರಾತ್ರಿ ಎಲ್ಲಿ ತಂಗುತ್ತಿದ್ದರು, ತಂಗಿದಲ್ಲಿ ಅವರಿಗೆ ಏನು ಕಾಣುತ್ತಿತ್ತು ಎಂಬುದನ್ನು ವಿಚಾರಿಸಿದರೆ ನಮ್ಮ ಯೋಜನೆಯಿಂದ ಬಿಟ್ಟುಹೋದದ್ದು ಏನೆಂಬುದು ತಿಳಿಯುತ್ತದೆ.

ಮೊರಾಕ್ಕೋ ದೇಶದ ಇಬ್ನ್ ಬತೂತನು ೧೩೪೦ರ ದಶಕದಲ್ಲಿ ಈ ತೀರವನ್ನು ಕಂಡವನು. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯ ದಾರಿ ಎರಡು ತಿಂಗಳ ಪಯಣವೆಂದೂ, ದಾರಿಯುದ್ದಕ್ಕೂ ಮರಗಳ ನೆರಳಿತ್ತೆಂದೂ ಅವನು ಬರೆದಿದ್ದಾನೆ. ಅರ್ಧ ಮೈಲಿಗೊಂದು ಮರದ ಮನೆ, ಅದರಲ್ಲಿ ದಾರಿಹೋಕರು ಕುಳಿತುಕೊಳ್ಳಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ನಮ್ಮ ಕಡೆಯ ಅರವಟ್ಟಿಗೆಯೇ ಅದು. ಹೊನ್ನಾವರದಲ್ಲಿ ಅವನು ಹೆಣ್ಣುಮಕ್ಕಳ ೧೩ ಶಾಲೆಗಳನ್ನೂ ಗಂಡುಮಕ್ಕಳ ೨೩ ಶಾಲೆಗಳನ್ನೂ ಕಂಡನಂತೆ. ಊರನ್ನು ಹಾದುಹೋಗುವವನಿಗೆ ಇಂಥ ಲೆಕ್ಕ ಸಿಕ್ಕುವುದಿಲ್ಲ; ಊರಿನಲ್ಲಿ ಉಳಿದವನಿಗೆ ಮಾತ್ರ ಸಿಕ್ಕುತ್ತದೆ.

ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಬಂದದ್ದು ೧೬೨೩ರಲ್ಲಿ. ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಅವನು ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯ ಮೂಲಕ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿದನು. ದಾರಿಯಲ್ಲಿ ಒಂದು ಗುಡಿಯ ಮುಖಮಂಟಪದಲ್ಲಿ ಸಾಮಾನಿನ ಹೇರು ಬರುವವರೆಗೆ ಕಾದಿರಬೇಕಾಯಿತು. ಆಗ ಕೆಲವು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಲೆಕ್ಕ ಒಪ್ಪಿಸುತ್ತಿದ್ದುದನ್ನು ಅವನು ನೋಡಿದನು. ನಮ್ಮ ಹಳೆಯ ಮಠದ ಶಾಲೆಗಳ ಕಲಿಕೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ ವಿದ್ವಾಂಸರು ಇಂದಿಗೂ ಉದಾಹರಿಸುವ ಸಾಕ್ಷ್ಯ ಇದು. ಆ ಹೇರು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಈ ಸಾಕ್ಷ್ಯ ನಮಗೆ ದೊರೆಯುತ್ತಿರಲಿಲ್ಲ!

ಕೆಳದಿಯ ಅರಸರು ಘಟ್ಟದ ಮೇಲೂ ಕೆಳಗೂ ಮಹತ್ತಿನ ಮಠಗಳನ್ನು ಕಟ್ಟಿಸಿ, ಬಂದ ಜಂಗಮರ ದಾಸೋಹಕ್ಕೆಂದು ಭೂಮಿ ಬಿಟ್ಟರು. ಉಡುಪಿ, ಧರ್ಮಸ್ಥಳ, ಗೋಕರ್ಣಗಳು ಯಾತ್ರಿಕರ ತಾಣಗಳಾಗಿ ಬೆಳೆದವು. ಬಯಲುಸೀಮೆಯ ಹತ್ತಿಯ ಗಾಡಿಗಳು ಘಟ್ಟವಿಳಿದು ಬಂದರು ಸೇರುತ್ತಿದ್ದವು. ಕುಮಟೆಯಲ್ಲಿ ಬೆಳೆಯದ ಹತ್ತಿಗೆ ‘ಕುಮಟಾ ಹತ್ತಿ’ ಎಂಬ ಹೆಸರು ವ್ಯಾಪಾರದಲ್ಲಿ ನಿಂತದ್ದು ಹೀಗೆ. ಗಾಡಿಯವನಿರಲಿ, ಜಂಗಮನಿರಲಿ, ಅವನ ಯೋಜನೆಯಲ್ಲಿ ಮೂರು ಸಂಗತಿಗಳು ತಪ್ಪದೆ ಇರುತ್ತಿದ್ದವು: ಮಳೆ, ಹೊಳೆ, ಮತ್ತು ಆಶ್ರಯ ಕೊಡುವ ಮನೆ.

ಮಳೆಗಾಲದಲ್ಲಿ ಪಯಣವಿಲ್ಲ. ಯತಿಗಳಿಗೆ ಚಾತುರ್ಮಾಸ್ಯವೆಂದರೆ ಶಾಸ್ತ್ರ. ಉಳಿದವರಿಗೆ ಅದು ವಿವೇಕ. ಕರಾವಳಿಯ ಹಡಗುಗಳಿಗೂ ಆ ತಿಂಗಳುಗಳಲ್ಲಿ ಬಿಡುವು. ಇನ್ನು ಹೊಳೆ: ವರ್ಷದ ಬಹುಕಾಲ ವೇದಾವತಿಯನ್ನು ನಡೆದೇ ದಾಟಿದ ನಮ್ಮ ಕಡೆಯವರಿಗೆ ಕರಾವಳಿಯ ಹೊಳೆಗಳು ಬೇರೆಯೇ ಪಾಠ ಹೇಳುತ್ತಿದ್ದವು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸೀತಾ, ಸುವರ್ಣಾ, ನೇತ್ರಾವತಿ, ಚಂದ್ರಗಿರಿ—ಒಂದೊಂದಕ್ಕೂ ಕಡವು, ಒಂದೊಂದು ಕಡವಿನಲ್ಲೂ ಕಾಯುವುದು. ಭರತ ಇಳಿತಗಳನ್ನು ನೋಡಿ ದೋಣಿಯವನು ಹೊರಡೆಂದಾಗ ಹೊರಡಬೇಕು. ಕಾಯುವಲ್ಲಿ ಮಾತು ಹುಟ್ಟುತ್ತಿತ್ತು. ಮಾತಿನಲ್ಲಿ ನಾಡಿನ ಪರಿಚಯವಾಗುತ್ತಿತ್ತು.

ಇಷ್ಟು ಹೇಳಿ, ಹಿಂದಿನದೆಲ್ಲ ಚಿನ್ನವೆಂದು ನಿಲ್ಲಿಸಿದರೆ ಚರಿತ್ರೆಗೆ ಅಪಚಾರವಾದೀತು. ಆ ಆಶ್ರಯದ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ. ಬತೂತನೇ ಬರೆದಿರುವಂತೆ, ಆ ನೀರಿನ ಮನೆಗಳಲ್ಲಿ ಹಿಂದುವಿಗೆ ಪಾತ್ರೆಯಲ್ಲಿ ನೀರು. ಮುಸಲ್ಮಾನನಿಗೆ ಬೊಗಸೆಗೆ ಹೊಯ್ದ ನೀರು. ಛತ್ರಗಳ ಪಂಕ್ತಿಭೇದವನ್ನು ಕೇಳದವರಾರು? ಊರ ಹೊರಗೇ ಉಳಿಯಬೇಕಾದವರು ಮರದಡಿಯಲ್ಲಿ ಮಲಗಿ ಮುಂದೆ ನಡೆದರು. ಅವರ ಪ್ರವಾಸ ಕಥನವನ್ನು ಯಾರೂ ಬರೆದಿಡಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೫ನೆಯ ವಿಧಿಯು ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿಯೇ ಅಲ್ಲಿ ಭೇದ ಕೂಡದೆಂದು ಸಾರಬೇಕಾಯಿತೆಂದರೆ, ದಾರಿಹೋಕನ ಅವಮಾನ ಎಷ್ಟು ಹಳೆಯದೆಂದು ಊಹಿಸಬಹುದು. ಇಂದು ಹಣ ಕೊಟ್ಟವರಿಗೆ ಜಾತಿ ಕೇಳದೆ ಕೋಣೆ ಸಿಕ್ಕುವುದು ಸಣ್ಣ ಲಾಭವಲ್ಲ.

ಇಂಗ್ಲಿಷರ ಆಳ್ವಿಕೆಯಲ್ಲಿ ತಂಗುದಾಣ ಊರನ್ನು ಬಿಟ್ಟು ದೂರ ಸರಿಯಿತು. ಡಾಕ್ ಬಂಗಲೆಗಳೂ ಪ್ರವಾಸಿ ಮಂದಿರಗಳೂ ಬಹುಮಟ್ಟಿಗೆ ಊರ ಹೊರಗೆ, ಎತ್ತರದಲ್ಲಿ, ನೋಟ ಚೆನ್ನಾಗಿರುವಲ್ಲಿ ಎದ್ದವು. ಅಡಿಗೆಗೆ ಮೇಟಿ, ಮುಂದೆ ವರಾಂಡ. ಸವಾರಿಯ ಮೇಲಿರುವ ಅಧಿಕಾರಿಗೆ ಮೊದಲ ಹಕ್ಕು. ಕರಾವಳಿಗೂ ಆಗ ಒಬ್ಬನೇ ಯಜಮಾನನಿರಲಿಲ್ಲ. ೧೮೬೨ರಲ್ಲಿ ಉತ್ತರ ಕನ್ನಡವು ಬೊಂಬಾಯಿಗೆ ಹೋಯಿತು, ದಕ್ಷಿಣ ಕನ್ನಡವು ಮದರಾಸಿನಲ್ಲೇ ಉಳಿಯಿತು. ೧೯೫೬ರಲ್ಲಿ ಇವೆರಡೂ ಮೈಸೂರು ರಾಜ್ಯದಲ್ಲಿ ಒಂದಾದಾಗ ಕಾಸರಗೋಡು ಸೀಮೆಯು ಎರಡನೆಯ ಹೊಸದುರ್ಗದ ಸಮೇತ ಕೇರಳಕ್ಕೆ ಸೇರಿತು. ಬಂಗಲೆಯ ಏಕಾಂತವೂ ನಿಷ್ಫಲವಾಗಲಿಲ್ಲವೆನ್ನಿ. ತರುಣ ರವೀಂದ್ರನಾಥ ಠಾಕೂರರು ೧೮೮೦ರ ದಶಕದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗಲೇ ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಬರೆದರು.

ಇಂದಿನ ರೆಸಾರ್ಟು ಆ ಬಂಗಲೆಯ ವಂಶದ್ದೇ ಹೊರತು ಛತ್ರದ ವಂಶದ್ದಲ್ಲ. ೧೯೭೧ರಲ್ಲಿ ರಾಜ್ಯದ ಪ್ರವಾಸೋದ್ಯಮ ನಿಗಮವೂ ೧೯೮೦ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯೂ ಹುಟ್ಟಿದವು. ಖಾಸಗಿಯವರೂ ಕಡಲಂಚಿಗೆ ಬಂದರು. ೨೦೨೦ರಲ್ಲಿ ಕಾಸರಕೋಡು, ಪಡುಬಿದ್ರಿಗಳ ಕಡಲ ತೀರಗಳು ನಿರ್ಮಲತೆಗಾಗಿ ಕೊಡುವ ‘ಬ್ಲೂ ಫ್ಲ್ಯಾಗ್’ ಮನ್ನಣೆಯನ್ನೂ ಪಡೆದವು. ಸಂತೋಷ. ಆದರೆ ಬೇಲಿಯೊಳಗಿನ ರೆಸಾರ್ಟಿನಲ್ಲಿ ಅತಿಥಿಗೆ ಕಾಣುವುದು ಅಲೆ ಮತ್ತು ಇತರ ಅತಿಥಿಗಳು. ಬೇಲಿಯಾಚೆಗೆ ಬಲೆ ನೇಯುವವನ ಮನೆಯಿದೆ, ಅವನ ಮಕ್ಕಳ ಶಾಲೆಯಿದೆ. ಮೂರು ರಾತ್ರಿ ಉಳಿದರೂ ಅದು ತಿಳಿಯುವುದಿಲ್ಲ.

ಇನ್ನು ಮಳೆ, ಹೊಳೆಗಳ ಮಾತು. ಎಲ್ಲ ಹೊಳೆಗಳಿಗೂ ಸೇತುವೆಗಳಾಗಿ, ಕಾರವಾರದಿಂದ ತಲಪಾಡಿಯವರೆಗೆ ಹೆದ್ದಾರಿ ಹಾಸಿದ ಮೇಲೆ ನಾವು ಅವೆರಡನ್ನೂ ಲೆಕ್ಕದಿಂದ ತೆಗೆದುಹಾಕಿದೆವು. ಅವು ನಮ್ಮನ್ನು ಮರೆಯಲಿಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ದಾರಿಹೋಕರಿಗೆ ಚಹಾ, ತಿಂಡಿ ಕೊಡುತ್ತಿದ್ದ ಒಂದು ಅಂಗಡಿಯನ್ನೂ, ಅದನ್ನು ನಡೆಸುತ್ತಿದ್ದ ಸಂಸಾರವನ್ನೂ ಗಂಗಾವಳಿಗೆ ತಳ್ಳಿತು. ಮೂರು ವಾರ ಕಳೆದು ಆಗಸ್ಟ್ ೭ರಂದು ಕಾಳಿಯ ಹಳೆಯ ಸೇತುವೆ ನಡುರಾತ್ರಿಯಲ್ಲಿ ಮುರಿದು ಬಿತ್ತು. ಆ ಅಂಗಡಿ ಯಾವ ಪ್ರವಾಸಿ ಕೈಪಿಡಿಯಲ್ಲಿಯೂ ಇರಲಿಲ್ಲ. ಆದರೆ ಬತೂತ ಕಂಡ ಅರ್ಧ ಮೈಲಿಯ ಮನೆಗೆ ಈ ಹೆದ್ದಾರಿಯಲ್ಲಿ ನಿಜವಾದ ವಾರಸುದಾರರಿದ್ದರೆ ಅವರು ಅಂಥ ಅಂಗಡಿಯವರೇ. ಹೊರೆ ಹೊತ್ತ ಲಾರಿಯ ಚಾಲಕನಿಗೆ ನೆರಳು, ನೀರು, ಎರಡು ಮಾತು ಅಲ್ಲಿಯೇ ಸಿಕ್ಕುತ್ತಿದ್ದುದು.

ಹಾಗೆಂದು ರೆಸಾರ್ಟನ್ನು ಬಿಟ್ಟು ಗುಡಿಯ ಜಗಲಿಯಲ್ಲಿ ಮಲಗಿರೆಂದು ಹೆಂಡತಿ ಮಕ್ಕಳೊಂದಿಗೆ ಹೊರಟವರಿಗೆ ಹೇಳುವುದು ಸಲ್ಲ. ಹಳೆಯ ದಾರಿಹೋಕರ ಯೋಜನೆಯಿಂದ ನಾವು ತೆಗೆದುಕೊಳ್ಳಬಹುದಾದದ್ದು ಸ್ವಲ್ಪವೇ, ಆದರೆ ಬೆಲೆಯುಳ್ಳದ್ದು. ಆಷಾಢ ಶ್ರಾವಣಗಳ ಮಳೆಯನ್ನು ಮಳೆಗೇ ಬಿಡಬೇಕು. ಘಟ್ಟವೂ ಹೊಳೆಯೂ ಇಳಿದ ಮೇಲೆ ಹೊರಡಬೇಕು. ನಾಲ್ಕು ರಾತ್ರಿಗಳಲ್ಲಿ ಒಂದನ್ನಾದರೂ ಕಡಲ ಬೇಲಿಯೊಳಗೆ ಕಳೆಯದೆ ಹೊನ್ನಾವರದಲ್ಲೋ ಕುಂದಾಪುರದಲ್ಲೋ, ಊರ ನಡುವಿನ ಸಾಮಾನ್ಯ ವಸತಿಗೃಹದಲ್ಲಿ ಕಳೆಯಬೇಕು. ಬೆಳಿಗ್ಗೆ ಮೀನಿನ ಪೇಟೆಗೂ ರಥಬೀದಿಗೂ ನಡೆದು ಹೋಗಬೇಕು. ದೋಣಿ ಇನ್ನೂ ನಡೆಯುವ ಕಡವು ಸಿಕ್ಕಿದರೆ ಸೇತುವೆಯನ್ನು ಬಿಟ್ಟು ದೋಣಿಯಲ್ಲಿ ದಾಟಬೇಕು. ದಾರಿಬದಿಯ ಚಹಾದಂಗಡಿಯಲ್ಲಿ ಕಾರು ನಿಲ್ಲಿಸಿ, ಅಂಗಡಿಯವರ ಊರು, ಮಕ್ಕಳು, ಈ ಸಲದ ಮಳೆ ಹೇಗಿತ್ತೆಂದು ವಿಚಾರಿಸಬೇಕು. ಇದಕ್ಕೆಲ್ಲ ಯೋಜನೆಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ಸಾಕು. ಎರಡನೆಯ ಹೊಸದುರ್ಗದ ಕೋಟೆ ಒಂದು ದಿನ ತಡವಾಗಿ ಸಿಕ್ಕೀತು, ಅಷ್ಟೆ.